ಊರೂರಲ್ಲಿದ್ದು ಒಟ್ಟಿಗೆ ಯುಕುಲೆಲೆ: ಜೂಮ್, ಸೋನೋಬಸ್, ವಾಟ್ಸಾಪ್‌ಗಳಲ್ಲಿ ನಮಗೆ ಒಗ್ಗಿದ್ದು

ಬೇರೆ ಬೇರೆ ಊರಿನಲ್ಲಿ ಕೂತು ಒಟ್ಟಿಗೆ ಯುಕುಲೆಲೆ (ಪುಟ್ಟ ಗಿಟಾರಿನಂಥ ತಂತಿವಾದ್ಯ) ನುಡಿಸಬೇಕು ಎನ್ನುವವರಿಗೆ ನನ್ನ ಉತ್ತರ ಒಂದೇ: ಜೂಮ್ ಹಾಕಿಕೊಳ್ಳಿ, ಒಬ್ಬರು ನುಡಿಸುತ್ತ ಹಾಡಲಿ, ಉಳಿದವರೆಲ್ಲ ಮ್ಯೂಟ್ ಮಾಡಿಕೊಂಡು ಅವರ ಜೊತೆ ನುಡಿಸಲಿ. ಹಾಡುವವರ ಅಂಗಿಗೆ ಮಾತ್ರ ಒಂದು ವಯರಿನ ಕಾಲರ್ ಮೈಕು ಇರಲಿ. ಆ ಮೈಕು ತಂದ ಮೇಲೆಯೇ ನಮ್ಮ ಭಾನುವಾರದ ಸಂಜೆ ಸರಿಹೋದದ್ದು. ದೂರದಿಂದ ಒಟ್ಟಿಗೆ ನುಡಿಸಲೆಂದೇ ಇರುವ ಸೋನೋಬಸ್, ಜ್ಯಾಮುಲಸ್ ಎಂಬ ತಂತ್ರಾಂಶಗಳು, ವಾಟ್ಸಾಪ್, ಗೂಗಲ್ ಮೀಟ್ ಎಲ್ಲವನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನಾನಿರುವುದು ಕಾರವಾರದಲ್ಲಿ. ಕುಮಟಾದಲ್ಲಿ ನಿವೃತ್ತರಾದ ಅಕ್ಕೋರೊಬ್ಬರು (ಶಾಲೆಯ ಶಿಕ್ಷಕಿ), ಯಲ್ಲಾಪುರದಲ್ಲಿ ಇಬ್ಬರು ಗೆಳೆಯರು, ಶಿರಸಿಯಿಂದ ಒಳಗೆ ಅಡಿಕೆ ತೋಟದ ಮನೆಯಲ್ಲಿ ಚಿಕ್ಕಪ್ಪನ ಮಗ (ನನಗೆ ತಮ್ಮ), ಬೆಂಗಳೂರಿನಲ್ಲಿ ಅತ್ತಿಗೆ. ಲ್ಯಾಪ್‌ಟಾಪ್ ಇರುವುದು ನನ್ನ ಮತ್ತು ಅತ್ತಿಗೆಯ ಹತ್ತಿರ ಮಾತ್ರ, ಉಳಿದವರದೆಲ್ಲ ಫೋನು. ನಾವು ನುಡಿಸುವುದು ಭಾವಗೀತೆ, ಭಜನೆ, ನಡುನಡುವೆ ಕೊಂಕಣಿ ಪದ. ಸಿ, ಎ ಮೈನರ್, ಎಫ್, ಜಿ ಸೆವೆನ್ ಎಂಬ ನಾಲ್ಕು ಕಾರ್ಡಿನಲ್ಲಿ (ಕಾರ್ಡು ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಮುಗಿಯುವಂಥವೇ ಹೆಚ್ಚು. ಮೈಕು, ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸನ್ನು ಸಾವಿರಗಟ್ಟಲೆ ಕೊಟ್ಟು ಕೊಳ್ಳುವ ಯೋಚನೆ ನಮ್ಮಲ್ಲಿ ಯಾರಿಗೂ ಇಲ್ಲ. ಕೆಳಗೆ ಹೇಳುವುದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಎಲ್ಲರೂ ಮೈಕು ತೆರೆದುಕೊಂಡು ಒಮ್ಮೆಲೇ ನುಡಿಸಿದರೆ ಏಕೆ ಕೂಡುವುದಿಲ್ಲ ಎನ್ನುವುದು ಮೊದಲು ಗೊತ್ತಿರಬೇಕು. ಕರೆಯಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟಲು 150 ಮಿಲಿಸೆಕೆಂಡಿನವರೆಗೆ ತಡವಾದರೂ ಮಾತಿಗೆ ಅಡ್ಡಿಯಾಗುವುದಿಲ್ಲ. ತಾಳಕ್ಕೆ ಹಾಗಲ್ಲ, 25–30 ಮಿಲಿಸೆಕೆಂಡ್ ದಾಟಿತೆಂದರೆ ಕಷ್ಟ ಶುರು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ 150 ಮಿಲಿಸೆಕೆಂಡಿಗೆ ಹತ್ತಿರ ಹತ್ತಿರ 50 ಮೀಟರ್. ಭಾಗವತರನ್ನು ರಂಗಸ್ಥಳದಲ್ಲಿ ಕೂರಿಸಿ, ಚಂಡೆಯವರನ್ನು ಗದ್ದೆಯಾಚೆಯ ಚಹಾದಂಗಡಿ ಹತ್ತಿರ ನಿಲ್ಲಿಸಿ ಆಟ ಆಡಿಸಿದ ಹಾಗೆ ಅದು. ನಿಮಿಷಕ್ಕೆ 80 ಪೆಟ್ಟಿನ ಹಾಡು ತೆಗೆದುಕೊಳ್ಳಿ. ಒಂದು ಪೆಟ್ಟಿಗೆ 750 ಮಿಲಿಸೆಕೆಂಡ್. ತಂತಿಗಳ ಮೇಲೆ ಕೈಯನ್ನು ಕೆಳಗೊಂದು, ಮೇಲೊಂದು ಬೀಸಿದರೆ ಬೀಸಿಗೆ 375. ನಾನು ಬೀಸಿದ್ದು ಶಿರಸಿಗೆ ಮುಟ್ಟಿ, ತಮ್ಮ ಅದಕ್ಕೆ ಹೊಂದಿಸಿ ಬೀಸಿದ್ದು ನನಗೆ ತಿರುಗಿ ಬರುವಷ್ಟರಲ್ಲಿ 300 ಮಿಲಿಸೆಕೆಂಡ್ ಕಳೆದಿರುತ್ತದೆ. ಹೆಚ್ಚುಕಡಿಮೆ ಒಂದು ಬೀಸು ಹಿಂದೆ. ಅವನಿಗಾಗಿ ನಾನು ಕಾಯುವುದು, ನನಗಾಗಿ ಅವನು ಕಾಯುವುದು. ಹಾಡು ಎಳೆದೆಳೆದು ಚರಣಕ್ಕೆ ಬರುವ ಮೊದಲೇ ನಿಂತುಬಿಡುತ್ತದೆ.

ಊರು ದೂರವಾದ್ದರಿಂದ ಹೀಗಾಗುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದರು. ಇಂಟರ್ನೆಟ್ ಸಾಗುವ ಫೈಬರ್ ಕೇಬಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಕಾರವಾರದಿಂದ ಶಿರಸಿಗೆ ಅದಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಹೊತ್ತು ತಿನ್ನುವುದು ಮನೆಯ ವೈಫೈ, ಫೋನು ದನಿಯನ್ನು ಕಂತುಕಂತಾಗಿ ಕಟ್ಟಿ ಕಳಿಸುವ ಕೆಲಸ, ಅತ್ತಲಿನ ಫೋನು ಕಡಿಯದಿರಲೆಂದು ಒಂದಿಷ್ಟು ಕೂಡಿಟ್ಟುಕೊಂಡು ಕೇಳಿಸುವ ಕೆಲಸ. ಇದರ ಮೇಲೆ, ಎರಡು ಮನೆಯ ಇಂಟರ್ನೆಟ್ ಬೇರೆ ಬೇರೆ ಕಂಪನಿಯದಾದರೆ ದೇವಿಮನೆ ಘಟ್ಟ ಹತ್ತಿದರೆ ಸಿಗುವ ಮನೆಗೂ ದನಿ ಬೆಂಗಳೂರನ್ನೋ ಮುಂಬಯಿಯನ್ನೋ ಸುತ್ತಿ ಹೋಗಬಹುದು.

ಈ ತಡವನ್ನೇ ಕಡಿಮೆ ಮಾಡಲು ಹುಟ್ಟಿದವು ಸೋನೋಬಸ್ ಮತ್ತು ಜ್ಯಾಮುಲಸ್. ಎರಡೂ ಉಚಿತ, ಎರಡರ ಮೂಲಸಂಕೇತವೂ ಮುಕ್ತ. ಅತ್ತಿಗೆಯೂ ನಾನೂ ಫೈಬರ್ ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಎಳೆದು, ವಯರಿನ ಹೆಡ್‌ಫೋನ್ ಹಾಕಿಕೊಂಡು ಸೋನೋಬಸ್‌ನಲ್ಲಿ ಕೂತಾಗ ನಿಜಕ್ಕೂ ಒಟ್ಟಿಗೆ ನುಡಿಸಿದೆವು. ಅವರು ಕಾರ್ಡು ಬದಲಿಸಿದ ಕ್ಷಣಕ್ಕೇ ನನ್ನ ಬೆರಳೂ ಹೋಯಿತು. ಆ ಖುಷಿಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಇಬ್ಬರೇ ಇದ್ದು, ಇಬ್ಬರಿಗೂ ಫೈಬರ್ ಇದ್ದರೆ ಇದನ್ನೇ ಬಳಸಿ.

ಗುಂಪಿಗೆ ಇದು ಹಿಡಿಸಲಿಲ್ಲ. ಸೋನೋಬಸ್‌ನಲ್ಲಿ ದನಿ ನಡುವಿನ ಸರ್ವರ್ (ಎಲ್ಲರನ್ನೂ ಕೂಡಿಸುವ ಕಂಪ್ಯೂಟರ್) ಮೂಲಕ ಹಾದುಹೋಗುವುದಿಲ್ಲ, ಪ್ರತಿಯೊಬ್ಬರ ದನಿಯೂ ಉಳಿದ ಪ್ರತಿಯೊಬ್ಬರಿಗೆ ನೇರ ಹೋಗುತ್ತದೆ. ಆರು ಜನ ಸೇರಿದರೆ ಒಂದೊಂದು ಮನೆಯಿಂದ ಐದೈದು ಧಾರೆ ಹೊರಡಬೇಕು. ತೋಟದ ಮನೆಯಲ್ಲಿ ಹಾಟ್‌ಸ್ಪಾಟ್ ಮೇಲೆ ಕೂತವನಿಗೆ ಅದು ಎಲ್ಲಿಂದ ಆಗಬೇಕು? ಜ್ಯಾಮುಲಸ್‌ನಲ್ಲಿ ಸರ್ವರೇ ಎಲ್ಲವನ್ನೂ ಕಲಸಿ ಕಳಿಸುವುದರಿಂದ ಆ ಹೊರೆ ಇಲ್ಲ. ಆದರೆ ಅಲ್ಲಿ ನಮ್ಮ ನುಡಿಕೆಯನ್ನು ನಾವೂ ಸರ್ವರಿನಿಂದ ತಿರುಗಿ ಬಂದಂತೆಯೇ ಕೇಳಿಕೊಂಡು ಅದಕ್ಕೆ ನುಡಿಸಬೇಕು, ಆಗಲೇ ಎಲ್ಲರೂ ಕೂಡುವುದು. ಪ್ಲಗ್ ಹಾಕುವ ಗಿಟಾರಿನವರಿಗೆ ಇದು ಸುಲಭ. ಎದೆಗೊತ್ತಿ ಹಿಡಿದ ಯುಕುಲೆಲೆಯ ಸದ್ದು ನೇರವಾಗಿ ಕಿವಿಗೂ ಬರುತ್ತದೆ, ಒಂದು ಗಳಿಗೆ ಬಿಟ್ಟು ಹೆಡ್‌ಫೋನಿನಲ್ಲೂ ಬರುತ್ತದೆ. ಯಾವುದಕ್ಕೆ ಕೈ ಹಾಕುವುದು ಎಂದು ಬೆರಳು ಗೊಂದಲಕ್ಕೆ ಬೀಳುತ್ತದೆ. ಕಿವಿ ಪೂರಾ ಮುಚ್ಚುವ ಹೆಡ್‌ಫೋನ್ ಇಲ್ಲದೆ ನಡೆಯುವುದಿಲ್ಲ. ಇನ್ನು ಎರಡರಲ್ಲೂ ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ಕೈ ನೋಡಿಯೇ ಕಾರ್ಡು ಕಲಿಯುತ್ತಿರುವ ಅಕ್ಕೋರಿಗೆ ಇದು ಆಗುವ ಮಾತಲ್ಲ.

ವಾಟ್ಸಾಪ್ ಗುಂಪು ಕರೆ ಎಲ್ಲರಿಗೂ ಗೊತ್ತು, 32 ಜನರವರೆಗೆ ಸೇರಬಹುದು, ಆದರೆ ಸಂಗೀತಕ್ಕೆಂದು ದನಿಯನ್ನು ತಿದ್ದುವ ಸೆಟ್ಟಿಂಗ್ ಅಲ್ಲಿಲ್ಲ. ಗೂಗಲ್ ಮೀಟ್ ಬ್ರೌಸರಿನಲ್ಲೇ ತೆರೆಯುತ್ತದೆ, ಉಚಿತ ಗುಂಪು ಕರೆಗೆ 60 ನಿಮಿಷ ಸಿಗುತ್ತದೆ. ಹೊತ್ತಿನ ಲೆಕ್ಕದಲ್ಲಿ ಜೂಮ್‌ನ 40 ನಿಮಿಷಕ್ಕಿಂತ ವಾಸಿ.

ಹಾಗಿದ್ದೂ ಜೂಮ್ ಏಕೆ ಎಂದರೆ, ಅದರಲ್ಲಿರುವ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಎಂಬ ಒಂದು ಸೌಲಭ್ಯಕ್ಕಾಗಿ. ಮಾತಿಗೆಂದು ಕಟ್ಟಿದ ಯಾವ ಕರೆಯಲ್ಲಾದರೂ ಯುಕುಲೆಲೆಗೆ ಬರುವ ತೊಂದರೆ ಒಂದೇ ತೆರನಾದದ್ದು. ಮೊದಲಿನ ದಿನಗಳಲ್ಲಿ ತಮ್ಮ ಮತ್ತೆ ಮತ್ತೆ ಹೇಳುತ್ತಿದ್ದ, “ಅಣ್ಣಾ, ಎರಡು ಬೀಸು ಕೇಳ್ತು, ಆಮೇಲೆ ಎಂತದೂ ಇಲ್ಲೆ.” ಯುಕುಲೆಲೆಯ ಬಿಡಿ ತಂತಿಗಳು ಸುಮಾರು 262 ಹರ್ಟ್ಸ್‌ನ ಸಿಯಿಂದ 440ರ ಎ ತನಕ, ಎಲ್ಲವೂ ಮನುಷ್ಯರ ದನಿಯ ವ್ಯಾಪ್ತಿಯೊಳಗೇ ಇವೆ. ಆದ್ದರಿಂದ ಸ್ವರ ಎತ್ತರದ್ದು ಅಥವಾ ತಗ್ಗಿನದು ಎಂಬುದು ಕಾರಣವಲ್ಲ. ಮಾತು ಯಾವುದು, ಗದ್ದಲ ಯಾವುದು ಎಂದು ವಿಂಗಡಿಸುವ ತಂತ್ರಾಂಶ ತಂತಿಯ ಮೀಟನ್ನು ಮಾತಲ್ಲದ್ದು ಎಂದು ಬಗೆದು ಅಡಗಿಸುತ್ತದೆ. ನೈಲಾನ್ ತಂತಿಯ ನಾದ ಹೇಗೂ ಬೇಗ ಇಳಿಯುತ್ತದೆ, ಇಳಿಯುವ ಆ ಬಾಲವಂತೂ ಪೂರ್ತಿ ಹೋಗುತ್ತದೆ. ಹಾಡುತ್ತ ನುಡಿಸಿದರೆ ಹಾಡು ಉಳಿದು ವಾದ್ಯ ಮುಳುಗುತ್ತದೆ.

ಒರಿಜಿನಲ್ ಸೌಂಡ್ ಹಾಕಿದರೆ ಈ ಅಡಗಿಸುವ ಕೆಲಸ ನಿಲ್ಲುತ್ತದೆ, ನಾದ ಇದ್ದ ಹಾಗೇ ಹೋಗುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಚಾಲೂ ಮಾಡಿದರಷ್ಟೇ ಸಾಲದು, ಕರೆಯೊಳಗೂ ಆನ್ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಐಫೋನ್ ಇದ್ದವರು ಕರೆ ನಡೆಯುತ್ತಿರುವಾಗ ಕಂಟ್ರೋಲ್ ಸೆಂಟರ್ ಎಳೆದು ಮೈಕ್ ಮೋಡನ್ನು ‘ವೈಡ್ ಸ್ಪೆಕ್ಟ್ರಮ್’ಗೆ ಇಟ್ಟು ನೋಡಿ.

ಕರಾವಳಿಯಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ನಮ್ಮ ಮನೆಯ ಜಗಲಿಗೆ ತಗಡಿನ ಶೀಟು. ಗದ್ದಲ ಅಡಗಿಸುವುದನ್ನು ನಿಲ್ಲಿಸಿದ ಕೂಡಲೇ ಶೀಟಿನ ಮೇಲಿನ ಜಡಿಮಳೆಯೂ ಯಾವ ತಡೆಯಿಲ್ಲದೆ ಎಲ್ಲರ ಮನೆಗೂ ಹೋಯಿತು. ಅಡಗಿಸುವುದನ್ನು ಹಾಕಿದರೆ ವಾದ್ಯ ಇಲ್ಲ, ತೆಗೆದರೆ ಮಳೆ. ಕೋಣೆ ಬದಲಿಸಿದೆ, ಕಿಟಕಿ ಮುಚ್ಚಿದೆ, ದಪ್ಪ ಚಾದರ ಇಳಿಬಿಟ್ಟೆ. ಹಂಚಿನ ಮಾಡಿನ ಕೆಳಗೆ ಎಲ್ಲಿ ಕೂತರೂ ಮಳೆಯ ಸದ್ದು ಇದ್ದೇ ಇರುತ್ತದೆ. ಜುಲೈ ತಿಂಗಳು ಪೂರ್ತಿ ನನ್ನ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ಈ ಗಂಟು ಬಿಡಿಸಿದ್ದು ಕಾಲರ್ ಮೈಕು. ಮೈಕಿಗೂ ವಾದ್ಯಕ್ಕೂ ಇರುವ ದೂರ ಅರ್ಧವಾದರೆ ವಾದ್ಯದ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಮೇಜಿನ ಮೇಲೆ ಎರಡು ಅಡಿ ದೂರದಲ್ಲಿದ್ದ ಫೋನಿನ ಬದಲು ಅರ್ಧ ಅಡಿಯಲ್ಲಿ ಮೈಕು ಇಟ್ಟರೆ 12 ಡೆಸಿಬೆಲ್ ಲಾಭ. ಮಾಡಿನ ಮೇಲಿನ ಮಳೆ ಮಾತ್ರ ಎಲ್ಲಿದ್ದರೂ ಅಷ್ಟೇ. ಆಗ ಮೈಕಿನ ವಾಲ್ಯೂಮ್ ತಗ್ಗಿಸಿದರೆ ವಾದ್ಯ ಇದ್ದಷ್ಟೇ ಇದ್ದು ಮಳೆ ಹಿಂದೆ ಸರಿಯುತ್ತದೆ. ಯುಕುಲೆಲೆ ಎದೆಗೆ ಒತ್ತಿ ಹಿಡಿಯುವ ವಾದ್ಯವಾದ್ದರಿಂದ ಅಂಗಿಯ ಎರಡನೇ ಗುಂಡಿಯ ಹತ್ತಿರ ಸಿಕ್ಕಿಸಿದ ಒಂದೇ ಮೈಕು ಹಾಡಿಗೂ ತಂತಿಗೂ ಸಾಕಾಗುತ್ತದೆ. ಹಾಡು ಜಾಸ್ತಿಯಾದರೆ ಒಂದು ಗುಂಡಿ ಕೆಳಗೆ ಇಳಿಸಿ. ಕಾರವಾರದ ಪೇಟೆಯಲ್ಲೇ ಕೆಲವು ನೂರು ರೂಪಾಯಿಗೆ ಸಿಕ್ಕಿದ್ದು. ಕೊಳ್ಳುವಾಗ ನಿಮ್ಮ ಫೋನಿನ ತೂತು ನೋಡಿಕೊಳ್ಳಿ: ದುಂಡು ಪಿನ್ನಿನದೋ ಟೈಪ್-ಸಿಯೋ ಎಂದು.

ಮುಂದಾಗಿ ನುಡಿಸುವವರಿಗೆ ಯಾರ ಸದ್ದೂ ಕೇಳುವುದಿಲ್ಲ ಎನ್ನುವುದು ಈ ಪದ್ಧತಿಯ ನಷ್ಟ, ಅದು ಸಣ್ಣದಲ್ಲ. ಪರದೆಯಲ್ಲಿ ಎಲ್ಲರ ಕೈ ಆಡುವುದು ಕಾಣುತ್ತದೆ, ಕಿವಿಯಲ್ಲಿ ತನ್ನದೊಂದೇ ನುಡಿಕೆ. ಅದಕ್ಕೇ ನಾವು ಹಾಡಿಗೊಬ್ಬರಂತೆ ಸರದಿ ಮಾಡಿಕೊಂಡಿದ್ದೇವೆ, ಹಾಡು ಮುಗಿದ ಮೇಲೆ ಒಬ್ಬರು ಮೈಕು ತೆರೆದು ಅದೇ ಪಲ್ಲವಿ ನುಡಿಸಿ ತೋರಿಸುತ್ತಾರೆ. ಮ್ಯೂಟ್ ಮಾಡಿಕೊಂಡವರಿಗೆ ಸಿಗುವುದು ಮಾತ್ರ ದೊಡ್ಡದು. ತಡವಾಗಿ ಬಂದರೂ ಅವರ ಕಿವಿಗೆ ಬರುವುದು ಒಂದೇ ತಾಳ, ಅದಕ್ಕೆ ಸರಿಯಾಗಿ ನುಡಿಸಿದರೆ ಅವರ ಮನೆಯಲ್ಲಿ ಜೋಡಿ ವಾದ್ಯದ ಸುಖ ಪೂರ್ತಿ ಸಿಗುತ್ತದೆ. ಅಕ್ಕೋರು ತಪ್ಪು ಕಾರ್ಡು ಹಿಡಿದರೂ ಸಂಕೋಚವಿಲ್ಲದೆ ನುಡಿಸುತ್ತಾರೆ. ಎಲ್ಲರೆದುರು ಕೈ ನಡುಗುತ್ತದೆ ಎನ್ನುತ್ತಿದ್ದವರು ಈಗ ಎಫ್ ಕಾರ್ಡಿಗೆ ನೋಡದೆಯೇ ಹೋಗುತ್ತಾರೆ.

ಕುತ್ತಿಗೆಗೆ ಹಾಕುವ ಬ್ಲೂಟೂತ್ ಇಯರ್‌ಫೋನ್ ಮ್ಯೂಟ್‌ನಲ್ಲಿ ಇರುವವರಿಗೆ ನಡೆಯುತ್ತದೆ, ಮುಂದಾಗಿ ನುಡಿಸುವವರಿಗೆ ಬೇಡ. ಅದರ ಮೈಕು ತೆರೆದರೆ ಅದು ಫೋನಿನ ಮಾತಿನ ಗುಣಮಟ್ಟಕ್ಕೆ ಇಳಿಯುತ್ತದೆ. ಶ್ರುತಿಯನ್ನು ಕರೆಗೆ ಬರುವ ಮೊದಲೇ ಟ್ಯೂನರ್ ಆಪಿನಲ್ಲಿ ಮಾಡಿಕೊಂಡಿರಬೇಕು. ಒಬ್ಬೊಬ್ಬರೇ ನುಡಿಸಿ ರೆಕಾರ್ಡ್ ಮಾಡಿ ಒಂದರ ಮೇಲೊಂದು ಕೂಡಿಸುವ ದಾರಿಯೂ ಇದೆ. ಊರಹಬ್ಬಕ್ಕೆ ವಿಡಿಯೋ ಮಾಡಲು ಒಳ್ಳೆಯದು, ಭಾನುವಾರದ ಸಂಜೆಗೆ ಅಲ್ಲ.

ಜೂಮ್‌ಗೆ ದುಡ್ಡು ಕಟ್ಟಬೇಕೇ ಎಂದು ಯಲ್ಲಾಪುರದವರು ಕೇಳಿದ್ದರು. ನಾವು ಕಟ್ಟಿಲ್ಲ. 40 ನಿಮಿಷಕ್ಕೆ ಕರೆ ಮುಗಿದಾಗ ಎಲ್ಲರೂ ಚಹಾಕ್ಕೆ ಏಳುತ್ತೇವೆ, ಬಂದು ಇನ್ನೊಂದು ಲಿಂಕಿನಲ್ಲಿ ಕೂರುತ್ತೇವೆ. ಕಟ್ಟುವಷ್ಟು ದುಡ್ಡಿದ್ದರೆ ಅದನ್ನು ರೂಟರಿಗೊಂದು ಸಣ್ಣ ಬ್ಯಾಟರಿಗೆ ಹಾಕಿ. ಮಳೆಗಾಲದಲ್ಲಿ ಕರೆಂಟು ಹೋದರೂ ಫೈಬರ್ ನಡೆಯುವುದುಂಟು, ನಿಲ್ಲುವುದು ರೂಟರು. ಮರ ಬಿದ್ದು ಕೇಬಲ್ಲೇ ಹರಿದರೆ ಹಾಟ್‌ಸ್ಪಾಟ್ ಮೇಲೆ ಕೇಳಿಸಿಕೊಂಡು ನುಡಿಸಲು ಅಡ್ಡಿಯಿಲ್ಲ, ಮುಂದಾಗಿ ನುಡಿಸಲು ಮಾತ್ರ ಆಗದು. ಅದಕ್ಕೇ ಮಳೆ ಬಿಡುವವರೆಗೆ ಸರದಿಯನ್ನು ಆರ್‌ಸಿಸಿ ಸ್ಲ್ಯಾಬಿನ ಮನೆಯಿರುವ ಅತ್ತಿಗೆ ಮತ್ತು ಕುಮಟಾದ ಅಕ್ಕೋರು ಹೆಚ್ಚಾಗಿ ನೋಡಿಕೊಳ್ಳುತ್ತಾರೆ, ದಸರಾ ಕಳೆದ ಮೇಲೆ ನಮ್ಮ ಮತ್ತು ತಮ್ಮನ ಪಾಳಿ. ಕಾಲರ್ ಮೈಕು ಈಗ ಇಬ್ಬರ ಹತ್ತಿರ ಇದೆ, ಅಕ್ಕೋರಿಗೆ ಒಂದು ಟೈಪ್-ಸಿಯದು ತರಬೇಕು.