ಐಟಿ ಷೇರು: ದಿನದಿನದ ಟ್ರೇಡಿಂಗೋ, ವರ್ಷಗಟ್ಟಲೆ ಇಟ್ಟುಕೊಳ್ಳುವುದೋ?

ಟ್ರೇಡಿಂಗಿಗೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಮಾರುಕಟ್ಟೆಯ ಮೇಲೆ ಕಣ್ಣಿಡಬೇಕು. ಮಂಗಳೂರು ಬಳಿಯ ಮುಡಿಪು ಊರಿನಲ್ಲಿ ಐಟಿ ಕೆಲಸದಲ್ಲಿರುವವರಿಗೆ ಅದು ಆಗದ ಮಾತು. ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಎಂದು ಮೊದಲೇ ಕೊಡುವ ಆದೇಶ) ನಂಬಿ ರಾತ್ರಿ ಷೇರು ಇಟ್ಟುಕೊಳ್ಳುವುದೂ ಅಪಾಯ. ದೊಡ್ಡ ಐಟಿ ಕಂಪನಿಗಳ ಫಲಿತಾಂಶ ಹೆಚ್ಚಾಗಿ ಮಾರುಕಟ್ಟೆ ಮುಚ್ಚಿದ ಮೇಲೆ ಬರುತ್ತದೆ. 1,470ಕ್ಕೆ ಸ್ಟಾಪ್‌ಲಾಸ್ ಅಂದುಕೊಂಡಿರುತ್ತೀರಿ, ಮರುದಿನ ಷೇರು 1,380ರಲ್ಲೇ ತೆರೆದರೆ ಆ ಬೆಲೆ ಸಿಗುವುದೇ ಇಲ್ಲ. ಷೇರುಪೇಟೆ ನಿಯಂತ್ರಕ ಸೆಬಿಯ ಅಧ್ಯಯನದ ಪ್ರಕಾರ 2022-23ರಲ್ಲಿ ಷೇರುಗಳ ಇಂಟ್ರಾಡೇ (ಕೊಂಡ ದಿನವೇ ಮಾರುವುದು) ಮಾಡಿದ 10 ಮಂದಿಯಲ್ಲಿ 7 ಮಂದಿಗೆ ನಷ್ಟ.

ತೆರಿಗೆಯಲ್ಲೂ ವ್ಯತ್ಯಾಸವಿದೆ. 12 ತಿಂಗಳೊಳಗೆ ಮಾರಿ 20,000 ರೂಪಾಯಿ ಲಾಭವಾದರೆ 4,000 ತೆರಿಗೆಗೆ, ಸೆಸ್ ಬೇರೆ. 12 ತಿಂಗಳು ದಾಟಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಮೇಲಿನದ್ದಕ್ಕೆ ಶೇ 12.5.

ಇಟ್ಟುಕೊಳ್ಳುವುದೇ ಮೇಲು. ಆದರೆ ಸಂಬಳವೂ ಐಟಿಯದು, ಷೇರೂ ಐಟಿಯದು ಎಂದಾದರೆ ಹಿಂಜರಿತದಲ್ಲಿ ಎರಡೂ ಒಟ್ಟಿಗೇ ಕೈಕೊಡುತ್ತವೆ. ಅಂಥವರ ಐಟಿ ಷೇರು ಉಳಿತಾಯದ ಐದನೇ ಒಂದು ಭಾಗ ದಾಟದಿರಲಿ.