ಫೈಸಲಿಯಾ ಚೆಂದ, ಇಂಡೆಕ್ಸ್ ತಂಪು

ನಾನು ಆರ್ಕಿಟೆಕ್ಟ್ ಅಲ್ಲ. ರಿಯಾದ್‌ನಲ್ಲಿ ನಾಲ್ಕು ವರ್ಷ, ದುಬೈಯಲ್ಲಿ ಏಳು ವರ್ಷ ಲೆಕ್ಕ ಬರೆದು, ಈಗ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಇರುವವನು. ಕಂಪನಿಯ ಫೈಲು ಹಿಡಿದುಕೊಂಡು ಎರಡೂ ಊರಿನ ದೊಡ್ಡ ದೊಡ್ಡ ಕಟ್ಟಡ ಹತ್ತಿ ಇಳಿದಿದ್ದೇನೆ. ಅದರಲ್ಲಿ ಎರಡು ಒಬ್ಬರದ್ದೇ ಕೈಕೆಲಸ ಅಂತ ಗೊತ್ತಾದದ್ದು ಮಾತ್ರ ಊರಿಗೆ ಬಂದ ಮೇಲೆ. ರಿಯಾದ್‌ನ ಅಲ್ ಫೈಸಲಿಯಾ, ದುಬೈಯ ಇಂಡೆಕ್ಸ್. ಎರಡೂ ಇಂಗ್ಲೆಂಡಿನ ನಾರ್ಮನ್ ಫಾಸ್ಟರ್ ಅವರ ಕಂಪನಿಯ ವಿನ್ಯಾಸ.

ಮೊದಲು ಫೈಸಲಿಯಾ. 267 ಮೀಟರ್. 2000ದಲ್ಲಿ ಮುಗಿದಾಗ ಇಡೀ ಸೌದಿಯಲ್ಲಿ ಇದೇ ಮೊದಲ ಗಗನಚುಂಬಿ. ಎರಡೇ ವರ್ಷದಲ್ಲಿ ಅದೇ ಒಲಾಯಾ ರಸ್ತೆಯಲ್ಲಿ 302 ಮೀಟರಿನ ಕಿಂಗ್‌ಡಮ್ ಸೆಂಟರ್ ಎದ್ದಿತು, ಎತ್ತರದ ಗಮ್ಮತ್ತು ಅಲ್ಲಿಗೆ ಹೋಯಿತು. ಚೆಂದ ಹೋಗಲಿಲ್ಲ. ನಾಲ್ಕು ಮೂಲೆಯ ನಾಲ್ಕು ತೊಲೆ ಮೇಲೆ ಹೋಗ್ತಾ ಹೋಗ್ತಾ ಒಳಗೆ ಬಾಗಿ ತುದಿಯಲ್ಲಿ ಒಂದಾಗುತ್ತವೆ. ಆ ತುದಿಯ ಕೆಳಗೆ ಬಂಗಾರದ ಬಣ್ಣದ ಗಾಜಿನ ಚೆಂಡು, ಚೆಂಡಿನೊಳಗೆ ಹೋಟೆಲು. ಕೆಳಗೆ ನಿಂತು ನೋಡಿದರೆ ಬಾಲ್‌ಪೆನ್ನನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ. ನಾನು ಆ ಹೋಟೆಲಿನಲ್ಲಿ ಉಂಡಿಲ್ಲ, ನನ್ನ ಸಂಬಳಕ್ಕೆ ಅದು ಸುಮ್ನೆ ನೋಡುವ ಚೆಂಡು.

ನನಗೆ ಹಿಡಿಸಿದ್ದು ಗೋಡೆ. ಕಿಟಕಿಗಳ ಮೇಲೆ ಅಲ್ಯುಮಿನಿಯಂನ ಅಡ್ಡ ಹಲಗೆಗಳು ಹೊರಗೆ ಚಾಚಿಕೊಂಡಿವೆ. ನಮ್ಮ ಹಂಚಿನ ಮನೆಯ ಮಾಡು ಜಗಲಿಯಿಂದ ಆಚೆ ಇಳಿಯುವ ಹಾಗೆ. ಬಿಸಿಲು ಹೊರಗೇ ನಿಲ್ಲುವುದರಿಂದ ಕನ್ನಡಿಯಂಥ ಗಾಜು ಬೇಕಾಗಲಿಲ್ಲ. ಕೊಲ್ಲಿಯಲ್ಲಿ ಅಷ್ಟು ಗಾಜು ಕಂಡವನಿಗೆ ಇದು ದೊಡ್ಡ ವಿಷಯ.

ಆದರೆ ನಾಲ್ಕೂ ಮುಖಕ್ಕೆ ಒಂದೇ ಉಪಚಾರ. ನೆತ್ತಿಯ ಬಿಸಿಲಿಗೆ ಅಡ್ಡ ಹಲಗೆ ಸರಿ. ಸಂಜೆಯ ಪಡುವಣ ಬಿಸಿಲು ಓರೆಯಾಗಿ, ಹಲಗೆಯ ಅಡಿಯಿಂದಲೇ ನುಗ್ಗುತ್ತದೆ. ಅದನ್ನು ಹಲಗೆ ಎಷ್ಟೂಂತ ತಡೆಯಬೇಕು?

ಇದಕ್ಕೆ ಉತ್ತರ ಇಂಡೆಕ್ಸ್‌ನಲ್ಲಿ ಉಂಟು. 2010ರದ್ದು, 80 ಮಹಡಿ. ಕೆಳಗೆಲ್ಲ ಆಫೀಸು, ಮೇಲೆ ಮನೆಗಳು. ನೋಡಲಿಕ್ಕೆ ಏನೂ ಇಲ್ಲ ಮಾರಾಯ್ರೇ, ಅಗಲಕ್ಕೆ, ತೆಳ್ಳಗೆ, ಸ್ಟೀಲ್ ಬೀರು ನಿಲ್ಲಿಸಿದ ಹಾಗೆ. ಜುಲೈ ತಿಂಗಳಲ್ಲಿ ಮೆಟ್ರೋ ಇಳಿದು ಅಲ್ಲಿಗೆ ನಡೆಯುವಷ್ಟರಲ್ಲಿ ಅಂಗಿ ಹಿಂಡಬಹುದು. ಹಾಗೆ ಬೆವರಿಕೊಂಡು ಬಂದವನಿಗೆ ಗೋಪುರದ ಸೊಬಗು ಎಲ್ಲಿ ಕಾಣಬೇಕು!

ಬುದ್ಧಿ ಇರುವುದು ಅದು ನಿಂತ ದಿಕ್ಕಿನಲ್ಲಿ. ಉದ್ದದ ಎರಡು ಮುಖ ಬಡಗಿಗೆ ಮತ್ತು ತೆಂಕಿಗೆ. ಲಿಫ್ಟು ಮೆಟ್ಟಿಲುಗಳನ್ನು ಬೇರೆ ಕಟ್ಟಡಗಳ ಹಾಗೆ ನಡುವೆ ಇಡದೆ ಮೂಡು ಮತ್ತು ಪಡುವಿನ ತುದಿಗೆ ತಳ್ಳಿದ್ದಾರೆ. ಬೆಳಗ್ಗೆ, ಸಂಜೆಯ ಓರೆ ಬಿಸಿಲನ್ನು ಆ ದಪ್ಪ ಕಾಂಕ್ರೀಟು ತಿನ್ನುತ್ತದೆ. ಲಿಫ್ಟಿನಲ್ಲಿ ಯಾರೂ ದಿನವಿಡೀ ಕೂರುವುದಿಲ್ಲವಲ್ಲ! ಜನ ಕೂರುವ ತೆಂಕು ಮುಖಕ್ಕೆ ಮಾತ್ರ ನೆರಳಿನ ಹಲಗೆ ಜೋಡಿಸಿದರೆ ಸಾಕಾಯಿತು.

ಫೋಟೋ ತೋರಿಸಿ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, "ನಮ್ಮ ಸೌದೆ ಕೊಟ್ಟಿಗೆ ಪಡುಬದಿಗೆ ಹಾಕಿದ್ದು ಮತ್ತೆ ಎಂತಕ್ಕೆ?" ಅಂದರು. ತೋಟದಲ್ಲೂ ಅದೇ ಲೆಕ್ಕ. ಎಳೆ ಅಡಿಕೆ ಮರದ ಕಾಂಡಕ್ಕೆ ತೆಂಕು-ಪಡುವಿನ ಬಿಸಿಲು ಬಿದ್ದರೆ ಆ ಬದಿ ಸುಟ್ಟು ಬಿರಿಯುತ್ತದೆ. ಸೋಗೆ ಕಟ್ಟುವುದೋ ಸುಣ್ಣ ಬಳಿಯುವುದೋ ಆ ಒಂದು ಬದಿಗೇ. ಇಡೀ ಮರಕ್ಕೆ ಸುತ್ತು ಹಾಕುವವರು ಯಾರೂ ಇಲ್ಲ.

ಮಾರ್ಕು ಕೊಡುವುದಾದರೆ ಫೈಸಲಿಯಾಕ್ಕೆ ಹತ್ತರಲ್ಲಿ ಏಳೂವರೆ, ಇಂಡೆಕ್ಸ್‌ಗೆ ಎಂಟೂವರೆ. ಹೆಂಡತಿ ಮಕ್ಕಳಿಗೆ ತೋರಿಸಲು ಫೈಸಲಿಯಾ, ಅದರಲ್ಲೂ ರಾತ್ರಿ ಚೆಂಡಿಗೆ ಲೈಟು ಬಿದ್ದ ಮೇಲೆ. ಎಂಟು ಗಂಟೆ ಕೂತು ಕೆಲಸ ಮಾಡಲು ಕಣ್ಣು ಮುಚ್ಚಿ ಇಂಡೆಕ್ಸ್. ಒಬ್ಬರೇ ಮಾಡಿದ್ದರಲ್ಲಿ ಹತ್ತು ವರ್ಷಕ್ಕೆ ಇಷ್ಟು ಫರಕ್ಕು ಬಂದದ್ದು ನೋಡಿ ಖುಷಿಯಾಗುತ್ತದೆ.

ಈಗ ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ, ಹೋದ ವರ್ಷ ನಾನೂ ಒಂದು ಮನೆ ಕಟ್ಟಿಸಿದೆ. ಪ್ಲಾನ್ ಹಾಕಿದವರು "ಎಲಿವೇಶನ್ ರೈಸುತ್ತದೆ", ಅಂದರೆ ಮನೆಯ ಮುಂಭಾಗ ಚೆಂದ ಕಾಣುತ್ತದೆ ಅಂತ ರಸ್ತೆಯ ಕಡೆಗೆ ನೆಲದಿಂದ ಮಾಡಿನವರೆಗೆ ಗಾಜು ಇಟ್ಟರು. ರಸ್ತೆ ಇರುವುದು ಪಡುವಿಗೆ. ಹನ್ನೊಂದು ವರ್ಷ ಕೊಲ್ಲಿಯ ಬಿಸಿಲು ಕಂಡವನು ನಾನು, ಆದರೂ ತಲೆ ಆಡಿಸಿದೆ. ಮಧ್ಯಾಹ್ನ ಮೂರರ ನಂತರ ಆ ಚಾವಡಿಯಲ್ಲಿ ಬೆಕ್ಕು ಸಹ ಮಲಗುವುದಿಲ್ಲ. ಸದ್ಯಕ್ಕೆ ಅಡಿಕೆ ಮುಚ್ಚುವ ಟಾರ್ಪಾಲು ಹೊರಗಿನಿಂದ ಕಟ್ಟಿದ್ದೇನೆ. ನೀಲಿ ಬಣ್ಣದ್ದು. ರಸ್ತೆಯಿಂದ ಚೆನ್ನಾಗಿಯೇ ಕಾಣುತ್ತದೆ.