ಪೈಥಾನ್ ಒಳಗೆ ಟೈನಿ ಸಿ ಕಂಪೈಲರ್: ಓಸಿಆರ್ ತಿದ್ದುವವಳ ಅನುಭವ

ಹಳೆಯ ಪುಸ್ತಕದ ಪುಟವನ್ನು ಓಸಿಆರ್‌ಗೆ (ಪುಟದ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಕೊಟ್ಟರೆ ಎಷ್ಟೋ ಸಲ "ಧರ್ಮ" ಹೋಗಿ "ಧಮ೯" ಬರುತ್ತದೆ. ಅರ್ಕಾವೊತ್ತು ಯಂತ್ರದ ಕಣ್ಣಿಗೆ ಒಂಬತ್ತಾಗಿ ಕಾಣುತ್ತದೆ. ಇಂಥ ಪದಗಳಿಗೆ ನಿಘಂಟಿನಿಂದ ಹತ್ತಿರದ ಪದ ಹುಡುಕಿಕೊಡಲು ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಒಂದು ಪುಸ್ತಕದಲ್ಲಿ ಸುಮಾರು 1,000 ಅನುಮಾನದ ಪದ, ನನ್ನ ಪಟ್ಟಿಯಲ್ಲಿ 1 ಲಕ್ಷ ಪದ. 10 ಕೋಟಿ ಸಲ ಹೋಲಿಸಬೇಕು. ಬರೀ ಪೈಥಾನಿನಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಹೋಲಿಸುವ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಜಿಸಿಸಿ ಎಂಬ ಕಂಪೈಲರಿನಲ್ಲಿ (ಸಿ ಸಾಲುಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಒಮ್ಮೆ ಕಂಪೈಲ್ ಮಾಡಿಟ್ಟರೆ ಸಾಲದೇ? ನನ್ನ ಕೆಲಸಕ್ಕೆ ಸಾಲದು, ಏಕೆಂದರೆ ನಿಯಮಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಯೂನಿಕೋಡ್‌ನಲ್ಲಿ "ರ್" ಮೊದಲು ಬಂದು "ಮ" ಆಮೇಲೆ ಬರುತ್ತದೆ. ಅಚ್ಚಿನಲ್ಲಿ ಅರ್ಕಾವೊತ್ತು "ಮ"ದ ನಂತರ ಕೂರುತ್ತದೆ. ಹೀಗಾಗಿ ಒಂದು ಸಂಕೇತ ಸೇರಿಸಿದರೆ, ಅಳಿಸಿದರೆ ಅಥವಾ ಬದಲಿಸಿದರೆ ಒಂದು ಹೆಜ್ಜೆ ಎನ್ನುವ ಸಾದಾ ಲೆಕ್ಕದಲ್ಲಿ "ಧಮ೯" ಪದಕ್ಕೆ "ಧರ್ಮ" 3 ಹೆಜ್ಜೆ ದೂರ, "ಧಮನಿ" 2 ಹೆಜ್ಜೆ! ಇದನ್ನು ಸರಿಪಡಿಸಲು ಅಕ್ಕಪಕ್ಕದ ಅಕ್ಷರ ನೋಡಿ ನಿರ್ಧರಿಸುವ ನಿಯಮ ಬೇಕು. ನಾನು ನಿಯಮಗಳನ್ನು ಒಂದು ಫೈಲಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಪೈಥಾನ್ ಅದರಿಂದ ಸಿ ಸಾಲುಗಳನ್ನು ಹೆಣೆಯುತ್ತದೆ, ಟೈನಿ ಸಿ ಕಂಪೈಲರಿನ (ಟಿಸಿಸಿ) ಲೈಬ್ರರಿ ರೂಪವಾದ ಲಿಬ್‌ಟಿಸಿಸಿ ಅಲ್ಲೇ ಕಂಪ್ಯೂಟರಿನ ನೆನಪಿನಲ್ಲಿ ಕಂಪೈಲ್ ಮಾಡಿ ಫಂಕ್ಷನ್ನಿನ ವಿಳಾಸ ಕೊಡುತ್ತದೆ. ಡಿಸ್ಕಿನಲ್ಲಿ ಒಂದು ಫೈಲೂ ಉಳಿಯುವುದಿಲ್ಲ. ಕಂಪೈಲ್ ಆದದ್ದು ಗೊತ್ತೇ ಆಗುವುದಿಲ್ಲ, ಅಷ್ಟು ಬೇಗ.

ಟಿಸಿಸಿ ಫ್ಯಾಬ್ರಿಸ್ ಬೆಲ್ಲಾರ್ ಬರೆದ ಕಂಪೈಲರ್. ವೀಡಿಯೊ ಪರಿವರ್ತಿಸುವ ಎಫ್ಎಫ್ಎಂಪೆಗ್, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅನುಕರಿಸುವ ಕ್ಯೂಎಮು ಶುರುಮಾಡಿದವರೂ ಅವರೇ. 2004ರಲ್ಲಿ ಇದೇ ಕಂಪೈಲರಿನಿಂದ ಅವರು ಲಿನಕ್ಸ್ ಕರ್ನಲ್ಲನ್ನು ಸೋರ್ಸ್‌ನಿಂದಲೇ ಬೂಟ್ ಮಾಡಿ ತೋರಿಸಿದ್ದರು.

ಮೊದಲ ದಿನ ಮಾತ್ರ ಕಷ್ಟಪಟ್ಟೆ. ಸ್ಕ್ರಿಪ್ಟ್ ಓಡಿಸಿದ ಕೂಡಲೇ ಸೆಗ್‌ಮೆಂಟೇಶನ್ ಫಾಲ್ಟ್ (ತನ್ನದಲ್ಲದ ನೆನಪನ್ನು ಮುಟ್ಟಿದ ದೋಷ). ಫಂಕ್ಷನ್ ಏನು ಹಿಂದಿರುಗಿಸುತ್ತದೆಂದು ನಾವು ಹೇಳದಿದ್ದರೆ ಸಿ ಫಂಕ್ಷನ್ ಕರೆಯಲು ಪೈಥಾನಿನಲ್ಲಿರುವ ಸಿಟೈಪ್ಸ್ ಅದನ್ನು ಇಂಟ್ (32 ಬಿಟ್‌ನ ಪೂರ್ಣಾಂಕ) ಎಂದುಕೊಳ್ಳುತ್ತದೆ; 64 ಬಿಟ್‌ನ ವಿಳಾಸ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಪಾಯಿಂಟರ್ (ಅಂದರೆ ವಿಳಾಸ) ಕೊಡುವ ಪ್ರತಿ ಫಂಕ್ಷನ್ನಿಗೂ ಹಿಂದಿರುಗಿಸುವ ಬಗೆ ಹೇಳುವ ರೆಸ್‌ಟೈಪ್ ಬರೆಯಿರಿ, ಮರೆಯಬೇಡಿ. ಟಿಸಿಸಿಯನ್ನು ಸೋರ್ಸ್‌ನಿಂದ ಕಟ್ಟುವಾಗ "ಡಿಸೇಬಲ್ ಸ್ಟ್ಯಾಟಿಕ್" ಆಯ್ಕೆ ಕೊಟ್ಟರೇ ಪೈಥಾನಿಗೆ ಬೇಕಾದ ಶೇರ್ಡ್ ಲೈಬ್ರರಿ ಸಿಗುವುದು.

ಎರಡನೆಯ ಪಾಠ ದೊಡ್ಡದು. ಒಂದೊಂದು ಜೋಡಿಗೂ ಪೈಥಾನಿನಿಂದ ಸಿ ಫಂಕ್ಷನ್ ಕರೆದಾಗ ನಿರೀಕ್ಷಿಸಿದಷ್ಟು ವೇಗ ಬರಲಿಲ್ಲ. ಹೋಲಿಕೆಗಿಂತ ಆಚೆ ಹೋಗಿ ಈಚೆ ಬರುವುದಕ್ಕೇ ಹೆಚ್ಚು ಹೊತ್ತು. ಈಗ ಇಡೀ ಪದಪಟ್ಟಿಯನ್ನು ಯುಟಿಎಫ್-32 (ಪ್ರತಿ ಸಂಕೇತಕ್ಕೂ 4 ಬೈಟ್) ಆಗಿ ಒಂದೇ ಅರೇಯಲ್ಲಿ ಸುರಿದು, ಒಂದು ಅನುಮಾನದ ಪದಕ್ಕೆ ಒಂದೇ ಕರೆ ಮಾಡುತ್ತೇನೆ. ಮುಕ್ಕಾಲು ಗಂಟೆಯ ಕೆಲಸ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಟಿಸಿಸಿ ಕೋಡನ್ನು ಹೆಚ್ಚು ಚುರುಕುಗೊಳಿಸಲು ಹೋಗುವುದಿಲ್ಲ; ಅದೇ ಸಿ ಸಾಲುಗಳು ಜಿಸಿಸಿಯ ಓ2 ಎಂಬ ಚುರುಕುಗೊಳಿಸುವ ಆಯ್ಕೆಯಲ್ಲಿ ಇನ್ನೂ ಬೇಗ ಓಡುತ್ತವೆ. ಗಂಟೆಗಟ್ಟಲೆ ಲೆಕ್ಕ ಮಾಡುವವರು ಅತ್ತ ಹೋಗಲಿ. ಪೈಥಾನ್ ಕೋಡನ್ನೇ ಕಂಪೈಲ್ ಮಾಡುವ ನಂಬಾ ಎಂಬ ಲೈಬ್ರರಿಯನ್ನೂ ನೋಡಿದೆ, ಒಳ್ಳೆಯದೇ, ಆದರೆ ಅದರ ಹಿಂದೆ ಬರುವ ಎಲ್ಎಲ್‌ವಿಎಂ ಎಂಬ ದೊಡ್ಡ ಕಂಪೈಲರ್ ಚೌಕಟ್ಟು ನನ್ನ ಹಳೆಯ ಲ್ಯಾಪ್‌ಟಾಪಿಗೆ ಭಾರ. ದಿನಕ್ಕೆ ನಾಲ್ಕು ಸಲ ನಿಯಮ ತಿದ್ದುವ ನನಗೆ ಟಿಸಿಸಿಯೇ ಸರಿ.

ಪೈಥಾನಿನ ರಕ್ಷಣೆ ಸಿ ಒಳಗೆ ಇರುವುದಿಲ್ಲ. ಅರೇಯ ಗಡಿ ದಾಟಿದರೆ ಇಡೀ ಸ್ಕ್ರಿಪ್ಟ್ ಬೀಳುತ್ತದೆ, ಅದುವರೆಗೆ ತಿದ್ದಿದ್ದೂ ಹೋಗುತ್ತದೆ. ಅದಕ್ಕೇ ಹೊಸ ನಿಯಮ ಸೇರಿಸಿದಾಗ ಹುಟ್ಟಿದ ಸಿ ಕೋಡನ್ನು ಮೊದಲು ಕಮಾಂಡ್ ಲೈನಿನಲ್ಲಿ ಟಿಸಿಸಿಯ ಗಡಿ ಪರೀಕ್ಷಿಸುವ -ಬಿ ಆಯ್ಕೆಯೊಂದಿಗೆ ಓಡಿಸುತ್ತೇನೆ. ಗಡಿ ದಾಟಿದ ಸಾಲಿನ ಸಂಖ್ಯೆಯನ್ನೇ ಹೇಳುತ್ತದೆ. ಕಳೆದ ವಾರ ಪದದ ಕೊನೆಯಲ್ಲಿ ೯ ಬಂದಾಗ ಮುಂದಿನ ಅಕ್ಷರ ನೋಡಲು ಹೋಗುತ್ತಿದ್ದ ನನ್ನ ನಿಯಮವೊಂದು ಹಾಗೆಯೇ ಸಿಕ್ಕಿತು.